‘ಸ್ವಲ್ಪ ಕಡಿಮೆ ಮಾಡಿ’ ಅಂದಾಗ ಏನನ್ನು ಕಡಿಮೆ ಮಾಡಬೇಕು?

ಪ್ರಶ್ನೆ: ಹನ್ನೆರಡು ವರ್ಷದಿಂದ ನಾಟಕ ಮಾಡಿಕೊಂಡು ಬಂದವನು. ಈಗ ದಿನವಹಿ ಧಾರಾವಾಹಿಯೊಂದರಲ್ಲಿ ಅಣ್ಣನ ಪಾತ್ರ ಸಿಕ್ಕಿದೆ. ಎರಡು ವಾರ ಶೂಟಿಂಗ್ ಆಯಿತು. ಪ್ರತಿ ಟೇಕ್ ಆದ ಮೇಲೂ ನಿರ್ದೇಶಕರು ‘ಸ್ವಲ್ಪ ಕಡಿಮೆ ಮಾಡಿ ಸರ್, ನಾಟಕ ಆಗ್ತಿದೆ’ ಅನ್ನುತ್ತಾರೆ. ಕಡಿಮೆ ಮಾಡಿದರೆ ಮಾನಿಟರ್‌ನಲ್ಲಿ ನನ್ನ ಮುಖ ಕಳೆಯೇ ಇಲ್ಲದೆ ಸತ್ತ ಹಾಗೆ ಕಾಣುತ್ತದೆ. ಸೀನ್ ಪೇಪರ್ ಕೈಗೆ ಬರುವುದು ಶಾಟ್‌ಗೆ ಅರ್ಧ ಗಂಟೆ ಮುಂಚೆ. ಮೂರು ತಿಂಗಳ ನಂತರ ಮೊದಲೇ ಒಪ್ಪಿಕೊಂಡ ನಾಟಕದ ಪ್ರದರ್ಶನಗಳೂ ಇವೆ. ಏನು ತಿದ್ದಿಕೊಳ್ಳಬೇಕು? ಎರಡನ್ನೂ ಉಳಿಸಿಕೊಳ್ಳಬಹುದೇ?

ಉತ್ತರ: ‘ಕಡಿಮೆ ಮಾಡಿ’ ಎನ್ನುವ ಒಂದೇ ಮಾತಿನಲ್ಲಿ ನಾಲ್ಕು ಬೇರೆ ಬೇರೆ ದೂರುಗಳು ಅಡಗಿರುತ್ತವೆ. ದನಿ ದೊಡ್ಡದಾಯಿತು, ಮುಖ ಹೆಚ್ಚು ಆಡುತ್ತಿದೆ, ಮಾತು ನಿಧಾನ, ಭಾವ ಜಾಸ್ತಿ. ಇದರಲ್ಲಿ ಯಾವುದು ಎಂದು ಬಿಡಿಸಿ ಹೇಳಲು ಸೆಟ್‌ನಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ರಂಗಭೂಮಿಯಿಂದ ಬಂದವರು ಆ ಮಾತು ಕೇಳಿದ ಕೂಡಲೇ ನಾಲ್ಕನ್ನೂ ಒಟ್ಟಿಗೆ ಇಳಿಸಿಬಿಡುತ್ತಾರೆ. ನಿಮ್ಮ ಮುಖ ಕಳೆಗುಂದುವುದು ಅದಕ್ಕೇ. ಮೊದಲ ಮೂರನ್ನು ಬದಲಿಸಿ. ನಾಲ್ಕನೆಯದನ್ನು, ಅಂದರೆ ಪಾತ್ರಕ್ಕೆ ಎದುರಿನವರಿಂದ ಏನು ಬೇಕಾಗಿದೆ ಎಂಬ ಒಳಗಿನ ಒತ್ತಡವನ್ನು, ಎಳ್ಳಷ್ಟೂ ಇಳಿಸಬೇಡಿ. ಮುಂದಿನ ಸಲ ‘ಕಡಿಮೆ’ ಎಂದು ಕೇಳಿಸಿದಾಗ ‘ವಾಯ್ಸಾ, ಎಕ್ಸ್‌ಪ್ರೆಶನ್ನಾ?’ ಎಂದು ಕೇಳಿ. ಯಾವ ನಿರ್ದೇಶಕರೂ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ, ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ದನಿಯಿಂದ ಶುರು ಮಾಡೋಣ. ಬಯಲಿನಲ್ಲಿ ದೂರ ದುಪ್ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ. 1 ಮೀಟರ್ ದೂರದಲ್ಲಿ ಕೂತವನಿಗೆ ಕೇಳಿಸುವಷ್ಟೇ ಸ್ಪಷ್ಟವಾಗಿ 16 ಮೀಟರ್ ಆಚೆಯವನಿಗೂ ಕೇಳಿಸಬೇಕಾದರೆ 24 ಡೆಸಿಬೆಲ್ ಹೆಚ್ಚು ಬೇಕು. ರಂಗಮಂದಿರದ ಗೋಡೆ, ಚಾವಣಿಗಳು ಈ ಹೊರೆಯನ್ನು ಒಂದಿಷ್ಟು ಹಂಚಿಕೊಳ್ಳುತ್ತವೆ. ಉಳಿದದ್ದನ್ನು ನಿಮ್ಮ ಉಸಿರು, ಎದೆ, ದವಡೆ ಹೊತ್ತು ಹೊತ್ತು ರೂಢಿ ಮಾಡಿಕೊಂಡಿವೆ. ಈಗ ಕಾಲರ್‌ಗೆ ಸಿಕ್ಕಿಸಿದ ಲೇಪಲ್ ಮೈಕ್ ನಿಮ್ಮ ಬಾಯಿಂದ ಒಂದು ಗೇಣು ಕೆಳಗಿದೆ. ನಿಮ್ಮ ಮೈಗೆ ಮಾತ್ರ ಇದು ಇನ್ನೂ ಗೊತ್ತಾಗಿಲ್ಲ.

ಆದ್ದರಿಂದ ‘ಮೆಲ್ಲಗೆ ಮಾತಾಡುತ್ತೇನೆ’ ಎಂದುಕೊಳ್ಳುವ ಬದಲು ‘ಎಷ್ಟು ದೂರದಲ್ಲಿರುವವರಿಗೆ ಹೇಳುತ್ತಿದ್ದೇನೆ’ ಎಂದು ಯೋಚಿಸಿ. ಮನೆಯಲ್ಲಿ ಯಾರನ್ನಾದರೂ ಎದುರಿಗೆ ನಿಲ್ಲಿಸಿಕೊಂಡು ನಾಲ್ಕು ಸಾಲಿನ ಒಂದು ಮಾತನ್ನು ಮೊದಲು 6 ಮೀಟರ್ ದೂರದಿಂದ, ಆಮೇಲೆ 2 ಮೀಟರ್‌ನಿಂದ, ಕೊನೆಗೆ ಒಂದು ತೋಳಳತೆಯಿಂದ ಹೇಳಿ. ಮೂರು ಸಲವೂ ಎದುರಿನವರನ್ನು ಒಪ್ಪಿಸಲೇಬೇಕು ಎನ್ನುವ ಹಟ ಒಂದೇ ಇರಲಿ. ದಿನಕ್ಕೆ ಹತ್ತು ನಿಮಿಷದಂತೆ ಒಂದು ವಾರ ಮಾಡಿದರೆ ದನಿ ತಾನಾಗಿ ದೂರಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಮಾತಿನ ವೇಗವೂ ಇದರ ಜೊತೆಗೇ ಸರಿಹೋಗುತ್ತದೆ, ಹತ್ತಿರದವರೊಡನೆ ಯಾರೂ ಪದಗಳ ನಡುವೆ ಅಷ್ಟು ಜಾಗ ಬಿಟ್ಟು ಮಾತಾಡುವುದಿಲ್ಲ.

ಇಲ್ಲಿ ಎರಡು ತಪ್ಪುಗಳಾಗುತ್ತವೆ. ಮೊದಲನೆಯದು ಪಿಸುಮಾತಿಗೆ ಜಾರುವುದು. ಪಿಸುದನಿಯಲ್ಲಿ ಗಾಳಿ ಹೆಚ್ಚು, ನಾದ ಇಲ್ಲ. ಸೌಂಡ್ ರೆಕಾರ್ಡಿಸ್ಟ್ ಮಟ್ಟ ಏರಿಸಬೇಕಾಗುತ್ತದೆ, ಅದರ ಜೊತೆಗೆ ಫ್ಯಾನು, ಜನರೇಟರು, ಪಕ್ಕದ ಕೋಣೆಯ ಗದ್ದಲ ಎಲ್ಲವೂ ಮೇಲೇರುತ್ತವೆ. ಸಣ್ಣ ದನಿಯಾದರೂ ಅದು ನಾದ ಇರುವ ದನಿಯಾಗಿರಲಿ. ಗಂಟಲಿನ ಮೇಲೆ ಬೆರಳಿಟ್ಟು ನೋಡಿದರೆ ಕಂಪನ ಸಿಗಬೇಕು. ಎರಡನೆಯ ತಪ್ಪು ಕನ್ನಡದಲ್ಲಿ ದುಬಾರಿ: ದನಿ ಇಳಿಸಿದಾಗ ವಾಕ್ಯದ ತುದಿ ಸಾಯುತ್ತದೆ. ನಮ್ಮ ಕ್ರಿಯಾಪದ ಕೂತಿರುವುದೇ ತುದಿಯಲ್ಲಿ. ‘ಆ ಪತ್ರ ನಾನು ಓದಿದೆ’, ‘ಓದಲಿಲ್ಲ’, ‘ಓದಬಾರದಿತ್ತು’: ಕೊನೆಯ ಪದ ನುಂಗಿಹೋದರೆ ಮೂರೂ ಒಂದೇ. ರಂಗದ ಮೇಲೆ ತುದಿಯನ್ನು ಎತ್ತಿ ಎಸೆಯುತ್ತಿದ್ದಿರಿ, ಈಗ ಎಸೆಯಬೇಕಿಲ್ಲ, ಆದರೆ ಅಲ್ಲಿಯವರೆಗೆ ಉಸಿರು ಉಳಿಸಿಕೊಳ್ಳಬೇಕು. ವಾಕ್ಯದ ಆರಂಭದಲ್ಲೇ ಗಾಳಿಯೆಲ್ಲ ಖರ್ಚು ಮಾಡುವ ರಂಗದ ಅಭ್ಯಾಸವನ್ನು ಇಲ್ಲಿ ಬೇಕೆಂತಲೇ ತಡೆಯಿರಿ.

ಇನ್ನು ಮುಖ. ನಾಟಕದಲ್ಲಿ ಅಡಿಯಿಂದ ಮುಡಿಯವರೆಗೆ ಸದಾ ಕಾಣಿಸುತ್ತಿದ್ದಿರಿ. ಇಲ್ಲಿ ಶಾಟ್‌ನಿಂದ ಶಾಟ್‌ಗೆ ಚೌಕಟ್ಟು ಬದಲಾಗುತ್ತದೆ. ಲೆಕ್ಕ ಹಾಕಿ ನೋಡಿ: ಲಾಂಗ್ ಶಾಟ್‌ನಲ್ಲಿ ಚೌಕಟ್ಟಿನ ಎತ್ತರ ಸುಮಾರು ಎರಡೂವರೆ ಮೀಟರ್ ಜಾಗವನ್ನು ಹಿಡಿದಿದೆ ಎನ್ನಿ. ಅಲ್ಲಿ ತಲೆ 4 ಸೆಂಟಿಮೀಟರ್ ಅಲ್ಲಾಡಿದರೆ ಅದು ಚೌಕಟ್ಟಿನ ಅರವತ್ತರಲ್ಲಿ ಒಂದು ಪಾಲು, ಕಣ್ಣಿಗೂ ಬೀಳುವುದಿಲ್ಲ. ಕ್ಲೋಸಪ್‌ನಲ್ಲಿ ಚೌಕಟ್ಟು 40 ಸೆಂಟಿಮೀಟರ್ ಜಾಗವನ್ನಷ್ಟೇ ಹಿಡಿದಿದ್ದರೆ ಅದೇ 4 ಸೆಂಟಿಮೀಟರ್ ಹತ್ತರಲ್ಲಿ ಒಂದು ಪಾಲಾಗುತ್ತದೆ. ನೋಡುವವರಿಗೆ ನಿಮ್ಮ ತಲೆ ತೂಗಾಡಿದಂತೆ ಕಾಣುತ್ತದೆ. ಹುಬ್ಬು ಏರಿಸುವುದು, ಪ್ರತಿ ಒತ್ತಿನ ಪದಕ್ಕೂ ಗಲ್ಲ ಮುಂದೆ ಚಾಚುವುದು, ಹಣೆ ಗಂಟಿಕ್ಕಿಕೊಂಡೇ ಮಾತಾಡುವುದು ರಂಗನಟರಲ್ಲಿ ಬಹಳ ಸಾಮಾನ್ಯ. ದೂರದ ಪ್ರೇಕ್ಷಕರಿಗಾಗಿ ಕಟ್ಟಿಕೊಂಡ ರೂಢಿ ಅದು. ಹಣೆಯ ಮೇಲೆ ಒಂದು ಸಣ್ಣ ಟೇಪ್ ಅಂಟಿಸಿಕೊಂಡು ಮನೆಯಲ್ಲಿ ಸೀನ್ ಓದಿ. ಟೇಪ್ ಎಳೆದಾಗಲೆಲ್ಲ ಹುಬ್ಬು ಕೆಲಸ ಮಾಡುತ್ತಿದೆ ಎಂದು ಗೊತ್ತಾಗುತ್ತದೆ.

ಪ್ರತಿ ಶಾಟ್‌ಗೂ ಮುಂಚೆ ಕ್ಯಾಮೆರಾಮನ್ ಹತ್ತಿರ ‘ಫ್ರೇಮ್ ಎಲ್ಲಿವರೆಗೆ?’ ಎಂದು ಕೇಳಿ. ಅವರು ಎದೆ ಮುಟ್ಟಿ ತೋರಿಸುತ್ತಾರೋ ಸೊಂಟ ಮುಟ್ಟಿಯೋ ನೋಡಿಕೊಳ್ಳಿ. ಎದೆವರೆಗೆ ಎಂದಾದರೆ ಕೈ ಕಾಣುವುದಿಲ್ಲ, ಆದರೆ ಕೈ ಬೀಸಿದರೆ ಭುಜ ಕುಣಿಯುತ್ತದೆ. ಕೈ ಮೇಲೆತ್ತಿದರೆ ಚೌಕಟ್ಟಿನ ಅಡಿಯಿಂದ ಬೆರಳು ಇಣುಕುತ್ತದೆ.

ಕಣ್ಣಿನ ವಿಷಯಕ್ಕೆ ಹೆಚ್ಚು ಹೊತ್ತು ಕೊಡಿ, ಏಕೆಂದರೆ ಕ್ಲೋಸಪ್‌ನ ಜೀವ ಅಲ್ಲೇ ಇದೆ. ನಿಜ ಬದುಕಿನಲ್ಲಿ ನಾವು ಎದುರಿನವರ ಎರಡು ಕಣ್ಣುಗಳ ನಡುವೆ ಅತ್ತಿತ್ತ ನೋಡುತ್ತಲೇ ಇರುತ್ತೇವೆ. ಕ್ಯಾಮೆರಾ ಹತ್ತಿರ ಬಂದಾಗ ಅದು ಕಳ್ಳನೋಟದಂತೆ ಕಾಣುತ್ತದೆ. ಸಹನಟರ ಒಂದೇ ಕಣ್ಣನ್ನು ಆರಿಸಿಕೊಳ್ಳಿ, ಲೆನ್ಸ್‌ಗೆ ಹತ್ತಿರ ಇರುವ ಕಣ್ಣನ್ನು. ಆಗ ನಿಮ್ಮ ಎರಡೂ ಕಣ್ಣು ನೋಡುಗರಿಗೆ ಸಿಗುತ್ತವೆ. ಸಹನಟರ ಕಾಲ್‌ಶೀಟ್ ಮುಗಿದು ಅವರು ಹೊರಟುಹೋಗಿದ್ದರೆ ಅವರ ಜಾಗದಲ್ಲಿ ಸಹಾಯಕರು ನಿಲ್ಲುತ್ತಾರೆ ಅಥವಾ ಸ್ಟ್ಯಾಂಡ್‌ಗೆ ಟೇಪ್ ಅಂಟಿಸಿ ಲುಕ್ ಕೊಡುತ್ತಾರೆ. ಟೇಪ್ ಸಹನಟರ ಕಣ್ಣಿನ ಎತ್ತರಕ್ಕೆ ಸರಿಯಾಗಿದೆಯೇ ಎಂದು ನೀವೇ ನೋಡಿ. ಕುಳ್ಳಗಿರುವ ತಂಗಿಯ ಮಾತಿಗೆ ನೀವು ಮೇಲೆ ನೋಡಿ ಉತ್ತರ ಕೊಟ್ಟರೆ ಎಡಿಟಿಂಗ್‌ನಲ್ಲಿ ಇಬ್ಬರ ಕಣ್ಣೂ ಕೂಡುವುದಿಲ್ಲ. ಲುಕ್ ಕ್ಯಾಮೆರಾದ ಎಡಕ್ಕೋ ಬಲಕ್ಕೋ ಎನ್ನುವುದೂ ಹಾಗೇ: ಇಬ್ಬರ ನಡುವೆ ಒಂದು ಗೆರೆ ಎಳೆದು, ಕ್ಯಾಮೆರಾ ಆ ಗೆರೆಯ ಒಂದೇ ಪಕ್ಕದ 180 ಡಿಗ್ರಿಯೊಳಗೆ ಉಳಿಯುತ್ತದೆ. ಮಾಸ್ಟರ್ ಶಾಟ್‌ನಲ್ಲಿ, ಅಂದರೆ ಇಡೀ ಸೀನನ್ನು ಒಟ್ಟಾಗಿ ಹಿಡಿಯುವ ಅಗಲದ ಶಾಟ್‌ನಲ್ಲಿ, ಎಡಕ್ಕೆ ನೋಡಿದ್ದರೆ ಕ್ಲೋಸಪ್‌ನಲ್ಲೂ ಎಡಕ್ಕೇ.

ರೆಪ್ಪೆ ಬಡಿಯುವುದು ಸಹಜವಾಗಿ ನಿಮಿಷಕ್ಕೆ 15ರಿಂದ 20 ಸಲ. ಗಾಬರಿಯಾದರೆ ಅದು ಏರುತ್ತದೆ. ಬಲವಂತವಾಗಿ ತಡೆಯಬೇಡಿ, ಕಣ್ಣು ಒಣಗಿ ಕೆಂಪಾಗುತ್ತದೆ. ಒಂದು ಯೋಚನೆ ಮುಗಿದು ಇನ್ನೊಂದು ಹುಟ್ಟುವ ಜಾಗದಲ್ಲಿ ರೆಪ್ಪೆ ಬಡಿದರೆ ಅದು ಅಭಿನಯವೇ ಆಗುತ್ತದೆ. ತಾನು ಕತ್ತರಿ ಹಾಕುವ ಜಾಗಗಳು ನಟರು ರೆಪ್ಪೆ ಬಡಿಯುವ ಜಾಗಗಳಿಗೆ ಹೊಂದಿಕೊಳ್ಳುತ್ತಿವೆ ಎಂದು ಹೆಸರಾಂತ ಸಂಕಲನಕಾರ ವಾಲ್ಟರ್ ಮರ್ಚ್ ಗಮನಿಸಿದ್ದರು.

ಈಗ ನಿಮ್ಮ ‘ಸತ್ತ ಮುಖ’. ಮಾತಾಡುವಾಗ ಅಲ್ಲ, ಕೇಳಿಸಿಕೊಳ್ಳುವಾಗ ನಿಮ್ಮ ಮುಖ ಹೇಗಿದೆ ಎಂದು ಒಂದು ಸಲ ನೋಡಿ. ತೊಂದರೆ ಇರುವುದು ಬಹುಶಃ ಅಲ್ಲೇ. ಧಾರಾವಾಹಿಯಲ್ಲಿ ರಿಯಾಕ್ಷನ್ ಶಾಟ್‌ಗಳು ಬಹಳ. ತೆರೆಯ ಮೇಲೆ ನೀವು ಮಾತಾಡುವಷ್ಟೇ ಹೊತ್ತು ಸುಮ್ಮನಿರುತ್ತೀರಿ. ರಷ್ಯಾದ ಲೆವ್ ಕುಲೆಷೋವ್ 1920ರ ಸುಮಾರಿಗೆ ಮಾಡಿದ ಪ್ರಯೋಗ ನಿಮಗೆ ಗೊತ್ತಿರಬಹುದು: ಇವಾನ್ ಮೊಝುಖಿನ್ ಎಂಬ ನಟನ ಒಂದೇ ಮುಖದ ಶಾಟನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿದರೆ ನೋಡುವವರು ಹಸಿವನ್ನೂ ದುಃಖವನ್ನೂ ತಾವೇ ಓದಿಕೊಂಡರು. ಅರ್ಥದ ಒಂದು ಪಾಲನ್ನು ಸಂಕಲನ ಹೊರುತ್ತದೆ, ಆದ್ದರಿಂದ ಭಾವವನ್ನು ನೀವು ಕೈಹಿಡಿದು ತೋರಿಸಬೇಕಿಲ್ಲ ಎನ್ನುವುದು ಇದರಿಂದ ತಿಳಿಯುತ್ತದೆ. ಇದನ್ನೇ ‘ಏನೂ ಮಾಡದಿದ್ದರೆ ಸಾಕು’ ಎಂದು ಅರ್ಥ ಮಾಡಿಕೊಂಡು ಕೆಟ್ಟವರು ಬಹಳ ಜನ. ಯೋಚನೆ ಓಡದ ಮುಖವನ್ನು ಎಡಿಟರ್ ಎರಡನೇ ಸೆಕೆಂಡಿಗೇ ಬಿಟ್ಟು ಬೇರೆ ಶಾಟ್‌ಗೆ ಹೋಗುತ್ತಾರೆ.

ಒಂದು ಸಣ್ಣ ತುಣುಕನ್ನು ಹತ್ತಿರದಿಂದ ನೋಡೋಣ. ತಂಗಿ ಕೇಳುತ್ತಾಳೆ: ‘ನಿನ್ನೆ ರಾತ್ರಿ ನೀನು ಮನೇಲಿ ಇರ್ಲಿಲ್ಲ, ಅಲ್ವಾ ಅಣ್ಣ?’ ನಿಮ್ಮ ಉತ್ತರ: ‘ಇದ್ದೆ.’ ಅದು ಸುಳ್ಳು. ಮುಂದೆ ಮೇಜಿನ ಮೇಲೆ ನೀರಿನ ಲೋಟ ಇದೆ.

ರಂಗದ ಮೇಲೆ ಏನು ಮಾಡುತ್ತಿದ್ದಿರಿ? ಮುಖ ತಿರುಗಿಸಿ ಎರಡು ಹೆಜ್ಜೆ ಸಭೆಯ ಕಡೆಗೆ ಬಂದು, ಗಂಟಲು ಸರಿಮಾಡಿಕೊಂಡು ‘ಇದ್ದೆ!’ ಎನ್ನುತ್ತಿದ್ದಿರಿ. ಕೊನೆಯ ಸಾಲಿನವರಿಗೂ ಸುಳ್ಳು ಗೊತ್ತಾಗಬೇಕಲ್ಲ. ಕ್ಲೋಸಪ್‌ನಲ್ಲಿ ಇದನ್ನೇ ಮಾಡಿದರೆ ತಂಗಿ ಪೆದ್ದಿಯಂತೆ ಕಾಣುತ್ತಾಳೆ, ಎದುರಿಗಿದ್ದೂ ಅವಳಿಗೆ ಗೊತ್ತಾಗಲಿಲ್ಲವಲ್ಲ ಎಂದು. ಸುಳ್ಳು ಹೇಳುವವನು ಮುಚ್ಚಿಡಲು ನೋಡುತ್ತಾನೆ. ಹಾಗಾಗಿ ಕೆಲಸವನ್ನು ಮಾತಿನ ಮುಂಚೆ ಮತ್ತು ಮಾತಿನ ನಂತರ ಇಡಿ. ‘ಇರ್ಲಿಲ್ಲ’ ಎಂಬ ಪದ ಕಿವಿಗೆ ಬಿದ್ದಾಗ ಲೋಟದ ಕಡೆ ಹೋಗುತ್ತಿದ್ದ ಕೈ ನಿಲ್ಲಲಿ. ಒಳಗೆ ಒಂದೇ ಪ್ರಶ್ನೆ ಓಡಲಿ: ‘ಇವಳಿಗೆ ಯಾರು ಹೇಳಿದರು?’ ಮುಕ್ಕಾಲು ಸೆಕೆಂಡು ಸಾಕು. ಆಮೇಲೆ ಯಾರೋ ಗಂಟೆ ಎಷ್ಟು ಎಂದು ಕೇಳಿದಾಗ ಹೇಳುವಷ್ಟೇ ಸಲೀಸಾಗಿ ‘ಇದ್ದೆ’. ಆಮೇಲೆ ಅವಳ ಕಣ್ಣು ನೋಡಿ, ನಂಬಿದಳೋ ಇಲ್ಲವೋ ಎಂದು ಹುಡುಕುವುದಕ್ಕೆ. ಕೈ ಲೋಟ ಎತ್ತಿಕೊಳ್ಳಲಿ. ಮುಖದಲ್ಲಿ ಏನನ್ನೂ ‘ಮಾಡಿಲ್ಲ’, ಆದರೂ ತುಂಬಿದೆ.

ಈ ರೂಢಿ ಹಿಡಿಯಲು ಸೀನ್ ಪೇಪರ್‌ನಲ್ಲಿ ನಿಮ್ಮ ಮಾತಿಗೆ ಅಡಿಗೆರೆ ಹಾಕುವುದನ್ನು ಬಿಟ್ಟು ಎದುರಿನವರ ಮಾತಿಗೆ ಹಾಕಿ. ಯಾವ ಪದ ನಿಮ್ಮನ್ನು ಚುಚ್ಚುತ್ತದೋ ಅದಕ್ಕೆ ಗುರುತು ಮಾಡಿ, ಅಂಚಿನಲ್ಲಿ ನಿಮ್ಮ ಮನಸ್ಸಿನ ಮಾತನ್ನು ಎರಡು ಪದದಲ್ಲಿ ಬರೆಯಿರಿ: ‘ಮತ್ತೆ ಅದೇ’, ‘ಅಪ್ಪನ ಬುದ್ಧಿ’, ‘ಸಿಕ್ಕಿಬಿದ್ದೆ’. ರಿಯಾಕ್ಷನ್ ಶಾಟ್ ತೆಗೆಯುವಾಗ ಇವೇ ನಿಮ್ಮ ಸಂಭಾಷಣೆ.

ಅದೇ ಲೋಟ ಈಗ ಕಂಟಿನ್ಯುಟಿಯ ತಲೆನೋವು ತರುತ್ತದೆ. ಒಂದೇ ಸೀನ್ ಮಾಸ್ಟರ್, ಸಜೆಶನ್ (ಒಬ್ಬರ ಭುಜದ ಮೇಲಿಂದ ಇನ್ನೊಬ್ಬರನ್ನು ತೋರಿಸುವ ಶಾಟ್), ನಿಮ್ಮ ಕ್ಲೋಸ್, ಅವರ ಕ್ಲೋಸ್ ಎಂದು ನಾಲ್ಕೈದು ಸಲ ಆಗುತ್ತದೆ. ಮಾಸ್ಟರ್‌ನಲ್ಲಿ ಬಲಗೈಯಲ್ಲಿ ಎತ್ತಿದ ಲೋಟವನ್ನು ಕ್ಲೋಸಪ್‌ನಲ್ಲಿ ಎಡಗೈಯಲ್ಲಿ ಎತ್ತಿದರೆ ಆ ಎರಡು ಶಾಟ್ ಕೂಡುವುದಿಲ್ಲ, ನಿಮ್ಮ ಒಳ್ಳೆಯ ಟೇಕ್ ಕಸದ ಬುಟ್ಟಿಗೆ. ಒಂದು ಕ್ರಿಯೆಯನ್ನು ಒಂದು ಪದಕ್ಕೆ ಗಂಟು ಹಾಕುವುದೇ ಇದಕ್ಕೆ ಪರಿಹಾರ. ‘ಇರ್ಲಿಲ್ಲ’ಕ್ಕೆ ಕೈ ನಿಲ್ಲುತ್ತದೆ, ‘ಇದ್ದೆ’ ಆದ ಮೇಲೆ ಎತ್ತುತ್ತದೆ ಎಂದು ಪೇಪರ್ ಮೇಲೆ ಬರೆದುಕೊಳ್ಳಿ. ಪ್ರತಿ ಟೇಕ್‌ಗೂ ನೀರಿನ ಮಟ್ಟ ಒಂದೇ ಇರಲಿ, ನಿಜವಾಗಿ ಕುಡಿಯುವ ಬದಲು ತುಟಿಗೆ ತಾಗಿಸಿದರೆ ಸಾಕು. ಒಂದು ಸೀನ್‌ನಲ್ಲಿ ಮೂರಕ್ಕಿಂತ ಹೆಚ್ಚು ಕೈಕೆಲಸ ಇಟ್ಟುಕೊಳ್ಳಬೇಡಿ. ರಂಗದ ಮೇಲೆ ಸ್ಫೂರ್ತಿ ಬಂದಾಗ ಹೊಸದೇನಾದರೂ ಸೇರಿಸುವುದು ಗುಣ, ಇಲ್ಲಿ ಅದನ್ನು ಮಾಸ್ಟರ್‌ಗೆ ಮುಂಚಿನ ರಿಹರ್ಸಲ್‌ನಲ್ಲಿ ಸೇರಿಸಿ. ಮಾಸ್ಟರ್ ಆದ ಮೇಲೆ ಸೇರಿಸಿದ್ದು ಯಾರಿಗೂ ದಕ್ಕುವುದಿಲ್ಲ.

ಅಳುವ ಅಥವಾ ಸಿಡಿಯುವ ಸೀನ್ ಇದ್ದರೆ ಶಾಟ್‌ಗಳ ಸರದಿ ಕೇಳಿಕೊಳ್ಳಿ. ಮಾಸ್ಟರ್‌ನಲ್ಲೇ ಎಲ್ಲ ಸುರಿದುಬಿಟ್ಟರೆ ಕ್ಲೋಸಪ್ ಹೊತ್ತಿಗೆ ಕಣ್ಣು ಒಣಗಿರುತ್ತದೆ. ಮಾಸ್ಟರ್‌ನಲ್ಲಿ ವೇಗ ಮತ್ತು ಚಲನೆ ಪೂರ್ತಿ ಇರಲಿ, ಕಣ್ಣೀರು ಕ್ಲೋಸಪ್‌ಗೆ ಇರಲಿ. ಬೇಕಿದ್ದರೆ ‘ಈ ಸೀನ್‌ಗೆ ನನ್ನ ಕ್ಲೋಸ್ ಮೊದಲು ತೆಗೀಬಹುದಾ?’ ಎಂದು ಮುಂಚೆಯೇ ಕೇಳಿ. ಲೈಟಿಂಗ್‌ಗೆ ತೊಂದರೆ ಇಲ್ಲದಿದ್ದರೆ ಒಪ್ಪುತ್ತಾರೆ. ಮೆಂಥಾಲ್ ಕಡ್ಡಿ ಬಳಸುವುದಾದರೆ ಕೆಳರೆಪ್ಪೆಯಿಂದ ಒಂದು ಬೆರಳಗಲ ಕೆಳಗೆ ತೆಳುವಾಗಿ ಸವರಿ, ಕಣ್ಣೊಳಗೆ ಹೋಗಕೂಡದು. ಕಾಂಟ್ಯಾಕ್ಟ್ ಲೆನ್ಸ್ ಹಾಕಿದವರು ಅದನ್ನು ಬಳಸಲೇಬಾರದು. ಇನ್ನೊಂದು: ಸಹನಟರ ಕ್ಲೋಸಪ್ ನಡೆಯುವಾಗ ಅವರ ಮಾತಿನ ಮೇಲೆ ನಿಮ್ಮ ಮಾತು ಹತ್ತಿಸಬೇಡಿ, ಎರಡು ದನಿ ಬೆರೆತರೆ ಬಿಡಿಸಲಾಗುವುದಿಲ್ಲ. ಆದರೆ ಫ್ರೇಮ್ ಹೊರಗಿದ್ದರೂ ನಿಮ್ಮ ಮಾತನ್ನು ಪೂರ್ತಿ ಜೀವ ತುಂಬಿ ಕೊಡಿ. ಫೋನ್ ನೋಡಿಕೊಂಡು ಕ್ಯೂ ಕೊಡುವ ನಟರನ್ನು ಸೆಟ್ ಬೇಗ ಗುರುತಿಸುತ್ತದೆ.

ಮಾರ್ಕ್ ಹಿಡಿಯುವುದು ಕಷ್ಟದ ವಿದ್ಯೆಯೇನಲ್ಲ. ನೆಲದ ಟೇಪ್ ಮೇಲೆ ನಿಂತು, ಅಲ್ಲಿಂದ ಹಿಂದೆ ಹಿಂದೆ ನಡೆದು ಹೆಜ್ಜೆ ಎಣಿಸಿಕೊಳ್ಳಿ. ಅಷ್ಟೇ ಹೆಜ್ಜೆ ಮುಂದೆ ಬಂದರೆ ನೆಲ ನೋಡದೆ ಮಾರ್ಕ್ ಮೇಲೆ ಇರುತ್ತೀರಿ. ಉದ್ದ ಲೆನ್ಸ್ ಹಾಕಿದ ಕ್ಲೋಸಪ್‌ನಲ್ಲಿ ಕೆಲವೇ ಸೆಂಟಿಮೀಟರ್ ಮುಂದೆ ವಾಲಿದರೂ ಫೋಕಸ್ ತಪ್ಪುತ್ತದೆ. ಕುರ್ಚಿಯಿಂದ ಏಳುವಾಗ ಮೊದಲು ಮೈ ಮುಂದೆ ತಂದು ಆಮೇಲೆ ನಿಧಾನವಾಗಿ ಎದ್ದರೆ ಕ್ಯಾಮೆರಾ ನಿಮ್ಮ ಜೊತೆಗೇ ಏಳುತ್ತದೆ. ದಡಕ್ಕನೆ ಎದ್ದರೆ ಫ್ರೇಮ್‌ನಲ್ಲಿ ಉಳಿಯುವುದು ನಿಮ್ಮ ಹೊಟ್ಟೆ.

ನಿಮ್ಮ ಸೆಟ್ ಒಂದೇ ಕ್ಯಾಮೆರಾದ್ದೋ, ಮೂರು ಕ್ಯಾಮೆರಾದ ಮಲ್ಟಿಕ್ಯಾಮೋ ಎನ್ನುವುದರ ಮೇಲೆ ಇದೆಲ್ಲ ಸ್ವಲ್ಪ ಬದಲಾಗುತ್ತದೆ. ಮಲ್ಟಿಕ್ಯಾಮ್‌ನಲ್ಲಿ ಸೀನ್ ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ನಡೆಯುತ್ತದೆ. ರಂಗನಟರಿಗೆ ಇದು ಮನೆ ಅಂಗಳ. ಯಾವ ಕ್ಯಾಮೆರಾದ ಕೆಂಪು ದೀಪ ಹತ್ತಿದೆ ಎಂದು ಹುಡುಕಬೇಡಿ, ನಿಮ್ಮ ಮತ್ತು ಸಹನಟರ ನಡುವಿನ ಅಂತರ ಕಾದುಕೊಳ್ಳಿ, ಒಬ್ಬರನ್ನೊಬ್ಬರು ಮರೆ ಮಾಡದಿದ್ದರೆ ಸಾಕು. ಟೆಲಿವಿಷನ್ ನಾಟಕ ಹುಟ್ಟಿದ್ದೂ ಹೀಗೆಯೇ. 1930ರ ಜುಲೈ 14ರಂದು ಬಿಬಿಸಿ ಲಂಡನ್ನಿನಿಂದ ಲುಯಿಜಿ ಪಿರಾಂದೆಲ್ಲೊನ ಕಿರುನಾಟಕವೊಂದನ್ನು ನೇರ ಪ್ರಸಾರ ಮಾಡಿತು, ಬ್ರಿಟನ್ನಿನ ಮೊದಲ ಟಿವಿ ನಾಟಕ ಅದು. 1956ರಲ್ಲಿ ಆಂಪೆಕ್ಸ್ ಕಂಪನಿಯ ವಿಡಿಯೋ ಟೇಪ್ ಬರುವವರೆಗೆ ಟಿವಿ ನಾಟಕಗಳು ಹೆಚ್ಚಾಗಿ ನೇರ ಪ್ರಸಾರವೇ, ತಪ್ಪಿದರೆ ತಪ್ಪಿದ್ದೇ. ಟೇಪ್ ಬಂದ ಮೇಲೂ ಈ ಪದ್ಧತಿ ಕೆಲವು ಕಾಲ ಉಳಿದಿತ್ತು. 1958ರ ನವೆಂಬರ್ 30ರಂದು ಬ್ರಿಟನ್ನಿನ ಇಂಥದೇ ನೇರ ನಾಟಕವೊಂದರ ನಡುವೆ ಗ್ಯಾರೆತ್ ಜೋನ್ಸ್ ಎಂಬ ನಟ ದೃಶ್ಯಗಳ ಮಧ್ಯೆ ಕುಸಿದು ತೀರಿಕೊಂಡರು. ಉಳಿದ ನಟರು ಆ ಪಾತ್ರವಿಲ್ಲದೆಯೇ ಸ್ಥಳದಲ್ಲೇ ಮಾತು ಹೊಂದಿಸಿಕೊಂಡು ನಾಟಕ ಮುಗಿಸಿದರು. ಎದುರಿನವರು ಮಾತು ಮರೆತರೂ ದೃಶ್ಯವನ್ನು ದಡ ಮುಟ್ಟಿಸುವ ಈ ಶಕ್ತಿ ನಿಮ್ಮಲ್ಲೂ ಇದೆ. ‘ನಾಟಕ ಆಗ್ತಿದೆ’ ಎಂಬ ಮಾತು ಕೇಳಿ ಕೇಳಿ ನಿಮ್ಮ ಕಲಿಕೆಯ ಬಗ್ಗೆಯೇ ಕೀಳರಿಮೆ ಬೆಳೆಸಿಕೊಳ್ಳಬೇಡಿ.

ಸೀನ್ ಪೇಪರ್ ತಡವಾಗಿ ಬರುವುದು ದಿನವಹಿ ಧಾರಾವಾಹಿಯ ಗುಣಧರ್ಮ. ಅರ್ಧ ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದು ಸುಮಾರು 22 ನಿಮಿಷದ ಕತೆ, ವಾರಕ್ಕೆ ಐದಾರು ಕಂತು. ವಾರವಾರವೂ ಒಂದು ಪೂರ್ತಿ ನಾಟಕದಷ್ಟು ಹೊಸ ಮಾತು. ಒಂದೆರಡು ತಿಂಗಳ ತಾಲೀಮಿನ ಲೆಕ್ಕದಲ್ಲಿ ಕಾದರೆ ನಿರಾಸೆಯೇ. ಕಲಿಯುವ ಕ್ರಮ ಬದಲಿಸಿ. ರಾಗ ಹಾಕದೆ, ಒತ್ತು ಕೊಡದೆ, ದಿನಸಿ ಚೀಟಿ ಓದಿದ ಹಾಗೆ ಸಪ್ಪೆಯಾಗಿ ಐದು ಸಲ ಓದಿ. ಮೊದಲೇ ಏರಿಳಿತ ಸೇರಿಸಿ ಬಾಯಿಪಾಠ ಮಾಡಿದರೆ ಎದುರಿನವರು ಬೇರೆ ರೀತಿ ಹೇಳಿದಾಗಲೂ ನಿಮ್ಮ ಉತ್ತರ ಬದಲಾಗುವುದಿಲ್ಲ, ಕ್ಯಾಮೆರಾ ಅದನ್ನು ತಕ್ಷಣ ಹಿಡಿಯುತ್ತದೆ. ಆಮೇಲೆ ಪ್ರತಿ ಮಾತು ಯಾವ ಮಾತಿಗೆ ಉತ್ತರ ಎನ್ನುವುದನ್ನಷ್ಟೇ ಜೋಡಿಸಿಕೊಳ್ಳಿ. ಕೊನೆಗೆ ಬಟ್ಟೆ ಹಾಕಿಕೊಳ್ಳುವಾಗಲೋ ಮೇಕಪ್ ಕುರ್ಚಿಯಲ್ಲೋ ಬೇರೆ ಕೆಲಸ ಮಾಡುತ್ತಾ ಒಮ್ಮೆ ಹೇಳಿಕೊಳ್ಳಿ. ಕೈಗೆ ಕೆಲಸವಿದ್ದಾಗಲೂ ಬಂದ ಮಾತು ಟೇಕ್‌ನಲ್ಲೂ ಬರುತ್ತದೆ.

ಪ್ರಾಂಪ್ಟಿಂಗ್, ಅಂದರೆ ಮರೆಯಿಂದ ಮಾತು ಹೇಳಿಕೊಡುವುದು, ಇರುವ ಸೆಟ್ ಆದರೆ ಎಚ್ಚರ. ಪ್ರಾಂಪ್ಟ್ ಕೇಳಿಸಿಕೊಳ್ಳುವ ಕ್ಷಣದಲ್ಲಿ ನಟರ ಕಣ್ಣು ಖಾಲಿಯಾಗುತ್ತದೆ, ಗಮನ ಕಿವಿಗೆ ಹೋಗಿರುತ್ತದೆ. ಪೂರ್ತಿ ಸಾಲು ಬೇಡ, ಮೊದಲ ಎರಡು ಪದ ಸಾಕು, ಅದನ್ನೂ ಎದುರಿನವರ ಮಾತು ಮುಗಿಯುವ ಹೊತ್ತಿಗೇ ಕೊಡಿ ಎಂದು ಪ್ರಾಂಪ್ಟರ್‌ಗೆ ಹೇಳಿಟ್ಟುಕೊಳ್ಳಿ. ಆ ದನಿ ಮೈಕ್‌ಗೆ ಬಿದ್ದರೆ ನಿಮ್ಮ ಮಾತನ್ನು ಮತ್ತೆ ಡಬ್ ಮಾಡಬೇಕಾಗುತ್ತದೆ ಎನ್ನುವುದೂ ನೆನಪಿರಲಿ.

ಪಾತ್ರ ಕಟ್ಟುವುದರಲ್ಲಿ ರಂಗನಟರು ಹೆಚ್ಚು ಒದ್ದಾಡುವುದು ಇಲ್ಲಿ: ನಾಟಕದಲ್ಲಿ ಕೊನೆಯ ಅಂಕ ಗೊತ್ತಿದ್ದು ಮೊದಲ ಅಂಕ ಆಡುತ್ತೀರಿ. ಧಾರಾವಾಹಿಯ ಅಣ್ಣ ಮುಂದಿನ ತಿಂಗಳು ಒಳ್ಳೆಯವನೋ ಕೆಟ್ಟವನೋ ಬರೆಯುವವರಿಗೇ ತಿಳಿದಿರಲಿಕ್ಕಿಲ್ಲ. ಅದಕ್ಕೆ ಮೂರು ಸಂಗತಿಗಳನ್ನು ಮಾತ್ರ ಗಟ್ಟಿ ಮಾಡಿಕೊಳ್ಳಿ: ಇವನಿಗೆ ಯಾವುದರ ಭಯ, ಯಾರ ಮೆಚ್ಚುಗೆ ಬೇಕು, ಯಾರಿಗೆ ಸುಳ್ಳು ಹೇಳಲಾರ. ಉಳಿದದ್ದನ್ನು ತೆರೆದಿಡಿ. ಕತೆ ಹೇಗೆ ತಿರುಗಿದರೂ ಈ ಮೂರು ನಿಮ್ಮ ಕೈಬಿಡುವುದಿಲ್ಲ. ಸೀನ್‌ಗಳು ಹಿಂದುಮುಂದಾಗಿ ತೆಗೆಯಲ್ಪಡುವುದರಿಂದ ಒಂದು ಪುಸ್ತಕ ಇಟ್ಟುಕೊಂಡು ಪ್ರತಿ ಸೀನ್‌ಗೂ ಕಂತಿನ ಸಂಖ್ಯೆ, ಹಗಲೋ ರಾತ್ರಿಯೋ, ಎಲ್ಲಿಂದ ಬಂದ, ಯಾವ ಗುಟ್ಟು ಗೊತ್ತಾಗಿದೆ, ಯಾವುದು ಇನ್ನೂ ಗೊತ್ತಿಲ್ಲ, ಬಟ್ಟೆ, ಗಾಯ ಎಂದು ಬರೆಯಿರಿ. ‘ಗೊತ್ತಿಲ್ಲ’ದ ಕಾಲಂ ಮುಖ್ಯ. ಗುಟ್ಟು ಬಯಲಾಗುವ ಸೀನ್ ನಿನ್ನೆ ತೆಗೆದಿದ್ದು, ಅದಕ್ಕಿಂತ ಮುಂಚಿನ ಸೀನ್ ಇಂದು ತೆಗೆಯುವಾಗ ನಿಮ್ಮ ನೋಟದಲ್ಲಿ ಆ ಅರಿವು ಸೋರುತ್ತದೆ.

ಜೊತೆಗೆ, ಮೊದಲ ಇಪ್ಪತ್ತು ಕಂತುಗಳಲ್ಲಿ ಯಾವ ಮ್ಯಾನರಿಸಂ ಹಾಕುತ್ತೀರಿ ಎಂದು ಜೋಪಾನ. ಬರಹಗಾರರು ಪ್ರಸಾರ ನೋಡಿ ನಿಮ್ಮ ಅಭಿನಯದ ಕಡೆಗೇ ಬರೆಯುತ್ತಾ ಹೋಗುತ್ತಾರೆ. ಇವತ್ತು ಸುಮ್ಮನೆ ಮೀಸೆ ತಿರುವಿದರೆ ಎರಡು ವರ್ಷ ತಿರುವುತ್ತಲೇ ಇರಬೇಕಾದೀತು.

ತಿದ್ದಿಕೊಳ್ಳಲು ಪ್ರತಿ ಟೇಕ್ ಆದ ಮೇಲೆ ಮಾನಿಟರ್ ಹತ್ತಿರ ಓಡಬೇಡಿ. ನಿಮ್ಮ ಮುಖವನ್ನೇ ನೋಡುತ್ತಾ ಹೋದರೆ ಮುಂದಿನ ಟೇಕ್‌ನಲ್ಲಿ ಮುಖವನ್ನೇ ಆಡಿಸುತ್ತೀರಿ. ವಾರಕ್ಕೊಮ್ಮೆ ಪ್ರಸಾರವಾದ ಒಂದು ಕಂತನ್ನು ಮೊದಲು ಸದ್ದಿಲ್ಲದೆ ನೋಡಿ, ಆಮೇಲೆ ಕಣ್ಣು ಮುಚ್ಚಿ ಕೇಳಿ. ಎರಡು ದೋಷ ಮಾತ್ರ ಬರೆದುಕೊಳ್ಳಿ.

ಈಗ ಮೂರು ತಿಂಗಳಾಚೆಯ ನಾಟಕ. ಇಷ್ಟು ದಿನ ಗೇಣು ದೂರದ ಮೈಕ್‌ಗೆ ಮಾತಾಡಿದ ಮೇಲೆ ಎರಡು ಗಂಟೆಯ ನಾಟಕಕ್ಕೆ ನೇರ ಹಾರಿದರೆ ಗಂಟಲು ಕೂರುತ್ತದೆ. ಓಡದೆ ಇದ್ದವರು ಒಮ್ಮೆಲೇ ದೂರ ಓಡಿದಂತೆಯೇ ಅದು. ಪ್ರದರ್ಶನಕ್ಕೆ ಎರಡು ವಾರ ಮುಂಚೆಯೇ ದಿನಕ್ಕೆ 20 ನಿಮಿಷ ದನಿಗೆ ಕೊಡಿ. ಸಾಧಾರಣ ಜ್ಯೂಸ್ ಸ್ಟ್ರಾ ಒಂದನ್ನು ಅರ್ಧ ಲೋಟ ನೀರಿನಲ್ಲಿ 2ರಿಂದ 3 ಸೆಂಟಿಮೀಟರ್ ಅದ್ದಿ, ಗುಳ್ಳೆ ಏಳುವಂತೆ ‘ಊ’ ಎಂದು ಮೆಲ್ಲಗೆ ನಾದ ಎಳೆಯಿರಿ, ಐದು ನಿಮಿಷ. ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರಿಸಿ. ಬಾಯಲ್ಲಿ ಹುಟ್ಟುವ ಹಿಂದೊತ್ತಡ ಧ್ವನಿಪೊರೆಗಳು ಜೋರಾಗಿ ಬಡಿದುಕೊಳ್ಳದಂತೆ ಕಾಪಾಡುತ್ತದೆ. ಆಮೇಲೆ ನಿಮ್ಮ ಪಾತ್ರದ ದೊಡ್ಡ ಮಾತೊಂದನ್ನು ದೊಡ್ಡ ಕೋಣೆಯಲ್ಲಿ ದಿನೇ ದಿನೇ ದೂರ ಹೆಚ್ಚಿಸಿಕೊಂಡು ಹೇಳಿ. ಶೂಟಿಂಗ್‌ನಲ್ಲಿ ಚೀರುವ ಸೀನ್ ಇದ್ದರೆ ರಿಹರ್ಸಲ್‌ನಲ್ಲಿ ಅರ್ಧ ದನಿ ಸಾಕು, ಪೂರ್ತಿ ದನಿಯ ಟೇಕ್ ಮೂರಕ್ಕೆ ಮೀರದಂತೆ ಕೇಳಿಕೊಳ್ಳಿ, ಆ ದಿನದ ಕೊನೆಗೆ ಇಡಿಸಿ. ಚೀರಿದ ಕೂಡಲೇ ದನಿ ಹೊರಟುಹೋದರೆ ಮಾತು ನಿಲ್ಲಿಸಿ, ತಡಮಾಡದೆ ಇಎನ್‌ಟಿ ವೈದ್ಯರನ್ನು ಕಾಣಿ. ಧ್ವನಿಪೊರೆಯೊಳಗೆ ರಕ್ತಸ್ರಾವ ಆಗಿದ್ದರೆ ಆಮೇಲೆ ಮಾತಾಡಿದಷ್ಟೂ ಹಾನಿ. ನೆಗಡಿಯಿಲ್ಲದೆ ಬಂದ ಗೊಗ್ಗರು ದನಿ ಎರಡು ವಾರ ಮೀರಿದರೂ ತೋರಿಸಿ, ದನಿಯೇ ಕಸುಬಾದವರು ಅದಕ್ಕಿಂತ ಹೆಚ್ಚು ಕಾಯಬಾರದು.

ಡೇಟ್ಸ್ ವಿಷಯ ಬಾಯಿಮಾತಿನಲ್ಲಿ ಬಿಡಬೇಡಿ. ಪ್ರದರ್ಶನದ ದಿನಗಳನ್ನಷ್ಟೇ ಹೇಳಿದರೆ ಸಾಲದು, ತಾಂತ್ರಿಕ ತಾಲೀಮಿನ ದಿನ, ಪ್ರಯಾಣದ ದಿನ, ಪ್ರದರ್ಶನದ ಮರುದಿನ ಬೆಳಗಿನ ತಡವಾದ ಕಾಲ್‌ಟೈಮ್ ಎಲ್ಲವನ್ನೂ ಒಂದು ಪಟ್ಟಿ ಮಾಡಿ ಒಪ್ಪಂದಕ್ಕೆ ಲಗತ್ತಿಸಿ. ಸಹಿ ಆಗಿಹೋಗಿದ್ದರೆ ಈಗಲೇ ಮೇಲ್‌ನಲ್ಲಿ ಕಳಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಮೂರು ತಿಂಗಳ ಅವಧಿ ಇದ್ದರೆ ಅಣ್ಣನನ್ನು ಪರಊರಿಗೆ ಕಳಿಸಿ ನಾಲ್ಕು ಕಂತು ನಡೆಸುವುದು ಬರಹಗಾರರಿಗೆ ಸುಲಭ. ಮೂರು ದಿನ ಮುಂಚೆ ಹೇಳಿದರೆ ಜಗಳ. ತಿಂಗಳಿಗೆ ಎಷ್ಟು ದಿನ ಖಾತ್ರಿ, ಹಣ ಎಷ್ಟು ದಿನಕ್ಕೆ ಕೈಗೆ ಬರುತ್ತದೆ, ಪಾತ್ರ ಮುಗಿಸುವುದಾದರೆ ಎಷ್ಟು ಮುಂಚೆ ತಿಳಿಸಬೇಕು, ಬೇರೆ ವಾಹಿನಿ ಅಥವಾ ರಂಗದ ಮೇಲೆ ನಟಿಸಲು ತಡೆ ಇದೆಯೇ: ಈ ನಾಲ್ಕು ಕಲಮುಗಳನ್ನು ಬೆರಳಿಟ್ಟು ಓದಿ. ಟಿವಿಯ ದುಡ್ಡು ತಿಂಗಳ ಸಂಬಳದಂತೆ ಕಂಡರೂ ನಿಮ್ಮ ಪಾತ್ರದ ಟ್ರ್ಯಾಕ್, ಅಂದರೆ ಕತೆಯ ಎಳೆ, ಮುಗಿದ ದಿನ ನಿಂತುಹೋಗುತ್ತದೆ, ಅದನ್ನು ನಂಬಿ ಸಾಲ ಮಾಡಬೇಡಿ.

ನಾಟಕ ಬಿಡುವ ಅಗತ್ಯ ಇಲ್ಲ. ಬಿಡಬಾರದು ಎಂದೇ ನಮ್ಮ ಸಲಹೆ, ಮೈಯೆಲ್ಲ ಬಳಸಿ ಒಂದೇ ಉಸಿರಿನಲ್ಲಿ ಎರಡು ಗಂಟೆ ಪಾತ್ರವಾಗಿರುವ ಅಭ್ಯಾಸ ಸೆಟ್‌ನ ಮೂವತ್ತು ಸೆಕೆಂಡಿನ ತುಣುಕುಗಳಲ್ಲಿ ಸಿಗುವುದಿಲ್ಲ. ಮರಳಿ ರಂಗಕ್ಕೆ ಬಂದಾಗ ಮಾತ್ರ ಮೊದಲ ತಾಲೀಮಿಗೇ ಒಬ್ಬರನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ಮಾತು ಕೇಳಿಸದಾಗಲೆಲ್ಲ ಕೈ ಎತ್ತಲು ಹೇಳಿ. ಹೆಚ್ಚಾಗಿ ಮೊದಲು ಕೈ ಏಳುವುದು ವಾಕ್ಯದ ತುದಿಗಳಲ್ಲಿ.